ಕಸ ಹಾಕ್ತಾ?

ಹರದನಹಳ್ಳಿಯಲ್ಲಿ ಹಸು ಕರು ಹಾಕಿತೆಂದರೆ ಸುದ್ದಿ ಪಶುವೈದ್ಯರಿಗೆ ಮುಟ್ಟುವ ಮೊದಲು ಯಜಮಾನರಿಗೆ ಮುಟ್ಟಿರುತ್ತದೆ. ಯಾರೂ ಹೇಳಿಕಳಿಸಿರುವುದಿಲ್ಲ. ಹೆಗಲಲ್ಲಿ ಟವಲು, ಬಾಯಲ್ಲಿ ಎಲೆಯಡಿಕೆ, ಕಂಕುಳಲ್ಲಿ ಬಿದಿರು ಸೊಪ್ಪು. ಕರು ಹೆಣ್ಣೋ ಗಂಡೋ ಎಂದು ಊರೆಲ್ಲ ಕೇಳುತ್ತಿದ್ದರೆ ಇವರದು ಒಂದೇ ಪ್ರಶ್ನೆ: “ಏನವ್ವಾ, ಕಸ ಹಾಕ್ತಾ?” ಕಸವೆಂದರೆ ಕರುವಿನ ಹಿಂದೆ ಬೀಳುವ ಮಾಸು.

ಇಂಥ ಯಜಮಾನರು ಚಾಮರಾಜನಗರದಿಂದ ಗುಂಡ್ಲುಪೇಟೆವರೆಗೆ ಊರಿಗೊಬ್ಬರಾದರೂ ಸಿಗುತ್ತಾರೆ. ಇವರ್ಯಾರ ಮನೆಯಲ್ಲೂ ಹಸು ಇರುವುದಿಲ್ಲ. ಬೆಳಿಗ್ಗೆ ನಂದಿನಿ ಪ್ಯಾಕೆಟ್ ಕತ್ತರಿಸಿ ಕಾಫಿ ಕುಡಿದು, ಸೀದಾ ಪಕ್ಕದವರ ಕೊಟ್ಟಿಗೆಗೆ ಬಂದು ಹಸು ಸಾಕುವ ಬಗೆ ಹೇಳಿಕೊಡುತ್ತಾರೆ. ಹರದನಹಳ್ಳಿ ತೋಂಟದ ಸಿದ್ಧಲಿಂಗ ಯತಿಗಳು ಹುಟ್ಟಿದ ಊರು, ದಿವ್ಯಲಿಂಗೇಶ್ವರನ ದೊಡ್ಡ ಗುಡಿಯೂ ಇದೆ. ಆದರೂ ಊರಿನ ಹೆಸರು ಉಳಿದಿರುವುದು ತಾವು ಕಾದು ಕೂತು ಬೀಳಿಸಿದ ಮಾಸುಗಳಿಂದ ಎಂದು ನಮ್ಮ ಯಜಮಾನರ ಒಳಗಿನ ಅಭಿಪ್ರಾಯ.

ಹಾಲಿನ ಕ್ಯಾನು ಬೋರಲು ಹಾಕಿ ಹಸುವಿನ ಹಿಂದೆ ಕೂತರೆಂದರೆ ಏಳುವವರಲ್ಲ. ಹಸು ಮಾಸು ತಿಂದುಬಿಟ್ಟರೆ ಕೆಚ್ಚಲು ಬತ್ತಿಹೋಗುತ್ತದೆ ಅನ್ನುವುದು ಅವರ ನಂಬಿಕೆ. ಗಂಟಲಿಗೆ ಸಿಕ್ಕಿಕೊಂಡೀತು, ಅಜೀರ್ಣವಾದೀತು ಎಂಬುದು ಪಶುವೈದ್ಯೆ ಡಾಕ್ಟರಮ್ಮನ ಕಾಳಜಿ. ಕಾರಣ ಬೇರೆಯಾದರೂ ಕಾವಲು ಬೇಕೆಂಬಲ್ಲಿ ಇಬ್ಬರೂ ಒಂದೇ. ಇಬ್ಬರೂ ಒಪ್ಪುವ ಸಂಗತಿ ಇದೊಂದೇ ಅಂತ ಕಾಣುತ್ತದೆ.

ಮೂರರಿಂದ ಎಂಟು ಗಂಟೆಯೊಳಗೆ ಮಾಸು ತಾನಾಗಿ ಬೀಳುವುದು ವಾಡಿಕೆ. ಹನ್ನೆರಡು ಗಂಟೆ ದಾಟಿದರೆ ಡಾಕ್ಟರನ್ನು ಕರೆಯಬೇಕು. ಯಜಮಾನರಿಗೆ ಅಷ್ಟು ತಾಳ್ಮೆ ಎಲ್ಲಿ! ಮೊದಲನೇ ಗಂಟೆಗೆ ಬಿದಿರು ಸೊಪ್ಪು, ಎರಡನೇ ಗಂಟೆಗೆ ಬೆಲ್ಲದ ಗಂಜಿ. ಮೂರನೇ ಗಂಟೆಗೆ ಹಳೇ ಚಪ್ಪಲಿ. ಅದು ಹಸುವಿಗೆ ತಿನ್ನಿಸಲಿಕ್ಕಲ್ಲ, ನೇತಾಡುವ ಮಾಸಿಗೆ ಕಟ್ಟಲಿಕ್ಕೆ, ಭಾರಕ್ಕೆ ಜಗ್ಗಲಿ ಅಂತ. ಹೀಗೆ ಜಗ್ಗಿದರೆ ಒಳಗೆ ಹರಿದು ರಕ್ತ ಹೋಗುತ್ತದೆ, ಉಳಿದ ಚೂರು ಕೊಳೆತು ಗರ್ಭಕೋಶ ಕೆಡುತ್ತದೆ ಎಂದು ಡಾಕ್ಟರಮ್ಮ ಬಡಕೊಂಡರೂ ಚಪ್ಪಲಿ ಮಾತ್ರ ಅಟ್ಟದ ಮೇಲೆ ಭದ್ರವಾಗಿದೆ. ಪಾಪ, ಹಸುವಿಗೆ ಬಾಯಿ ಇಲ್ಲ.

ಇದನ್ನಾದರೂ ಸಹಿಸಬಹುದು. “ಕಸ ಬೀಳೋಗಂಟ ಕರುನ ಮೊಲೆಗೆ ಬುಡಬ್ಯಾಡಿ” ಅನ್ನುವ ಅಪ್ಪಣೆ ಇದೆಯಲ್ಲ, ಅದು ಕಂಡರೆ ನನಗೆ ಮೈ ಉರಿಯುತ್ತದೆ. ಗಿಣ್ಣುಹಾಲಿನ ರೋಗನಿರೋಧಕ ಶಕ್ತಿಯನ್ನು ಕರುವಿನ ಕರುಳು ಚೆನ್ನಾಗಿ ಹೀರುವುದು ಮೊದಲ ಕೆಲವು ಗಂಟೆ ಮಾತ್ರ. ಒಂದು ದಿನ ಕಳೆದರೆ ಆ ಬಾಗಿಲು ಮುಚ್ಚಿಹೋಗುತ್ತದೆ. ಅದಕ್ಕೂ ಮಿಗಿಲಾಗಿ, ಕರು ಮೊಲೆ ಚೀಪಿದಾಗ ತಾಯಿಯ ಮೈಯಲ್ಲಿ ಆಕ್ಸಿಟೋಸಿನ್ ಹರಿದು ಗರ್ಭಕೋಶ ಕುಗ್ಗುತ್ತದೆ, ಮಾಸು ಬೀಳುವುದಕ್ಕೆ ಅದೇ ನೆರವು. ಬಿದಿರು ಸೊಪ್ಪು, ಗಂಜಿ, ಚಪ್ಪಲಿ ಎಲ್ಲ ಸೇರಿ ಮಾಡಬೇಕೆಂದ ಕೆಲಸಕ್ಕೆ ಹುಟ್ಟಿದ ಆಳನ್ನೇ ಇವರು ಕಂಬಕ್ಕೆ ಕಟ್ಟಿ ಕೂತಿರುತ್ತಾರೆ. ಅದು ಹಸಿದು ಕೂಗಿದರೆ, “ತಡಿ ಮಗಾ, ಇನ್ನೂ ಹಾಕಿಲ್ಲ ನಿಮ್ಮವ್ವ” ಎಂದು ಸಮಾಧಾನ ಬೇರೆ.

ಕೊನೆಗೆ ಮನೆಯ ಸೊಸೆ ಯಾರನ್ನೂ ಕೇಳದೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡುತ್ತಾಳೆ. ಡಾಕ್ಟರಮ್ಮ ಗ್ಲೌಸು ಹಾಕಿ, ಜ್ವರ ನೋಡಿ, ಔಷಧಿ ಕೊಟ್ಟು, ಮೊದಲು ಕರು ಬಿಚ್ಚಿಸುತ್ತಾರೆ. ಸ್ವಲ್ಪ ಹೊತ್ತಿಗೆ ಮಾಸು ಬೀಳುತ್ತದೆ. ಯಜಮಾನರು ಸುತ್ತಲಿನವರನ್ನು ನೋಡಿ, “ನಾ ಯೋಳ್ನಿಲ್ವಾ? ಬಿದ್ರು ಸೊಪ್ಪು ತಿಂದ್ರೆ ಕೆಲಸ ಆಗೇ ಆಯ್ತದ” ಅನ್ನುತ್ತಾರೆ. ಅಂದು, ಬರಿಗೈಲೇ ಅದನ್ನು ಬಾಚಿ ಗೊಬ್ಬರದ ಚೀಲಕ್ಕೆ ತುಂಬಿ, ಕೈಯನ್ನು ಟವಲಿಗೆ ಒರೆಸಿ ಹೊಸ ಎಲೆಗೆ ಸುಣ್ಣ ಹಚ್ಚುತ್ತಾರೆ.

“ಯಜಮಾನ್ರೇ, ಕೈಗೊಂದು ಕವರಾದ್ರೂ ಹಾಕೊಳ್ಳಿ, ಕಂದು ರೋಗ ಮನುಷ್ಯರಿಗೂ ಬರುತ್ತೆ” ಎಂದರೆ, “ಲಕ್ಷ್ಮಿ ಮುಟ್ಟಕ್ಕೆ ಕವರ್ ಯಾಕವ್ವಾ?” ಎಂಬ ಉತ್ತರ. 1887ರಲ್ಲಿ ಮಾಲ್ಟಾ ದ್ವೀಪದಲ್ಲಿ ಸತ್ತ ಸೈನಿಕರ ಗುಲ್ಮದಿಂದ ಡೇವಿಡ್ ಬ್ರೂಸ್ ಎಂಬ ಸೇನಾ ವೈದ್ಯ ಬೇರ್ಪಡಿಸಿದ ರೋಗಾಣುವಿನ ಬಳಗವೇ ಈ ಕಂದು ರೋಗ (ಬ್ರುಸೆಲ್ಲೋಸಿಸ್) ತರುವುದು. ಬಿಟ್ಟು ಬಿಟ್ಟು ಬರುವ ಜ್ವರ, ರಾತ್ರಿ ಬೆವರು, ಕೀಲುನೋವು ಇದರ ಗುರುತು. ಹೆಣ್ಣುಗರುಗಳಿಗೆ ನಾಲ್ಕರಿಂದ ಎಂಟು ತಿಂಗಳೊಳಗೆ ಒಂದೇ ಸಲ ಲಸಿಕೆ ಹಾಕುತ್ತಾರೆ. ಯಜಮಾನರಿಗೆ ಅಂಥ ಅನುಕೂಲವಿಲ್ಲ. ಅವರ ಮಂಡಿನೋವು ಎಷ್ಟೋ ವರ್ಷದ್ದು, ಅದನ್ನು ಅವರು ವಾಯು ಅನ್ನುತ್ತಾರೆ. ರಕ್ತ ಪರೀಕ್ಷೆಯ ಮಾತೆತ್ತಿದರೆ ಮಾತು ಮಳೆಯ ಕಡೆ ತಿರುಗುತ್ತದೆ.

ಆಳವಾಗಿ ಗುಂಡಿ ತೋಡಿ ಸುಣ್ಣ ಹಾಕಿ ಮಾಸನ್ನು ಹೂತುಬಿಡಿ, ಇಲ್ಲದಿದ್ದರೆ ನಾಯಿಗಳು ಎಳೆದಾಡಿ ಊರಿಗೆಲ್ಲ ರೋಗ ಹಂಚುತ್ತವೆ ಎಂದು ಹೇಳಿ ಡಾಕ್ಟರಮ್ಮ ಹೊರಟರೆ, ಚೀಲ ಹೊರಡುವುದು ಆಲದ ಮರಕ್ಕೆ. ಮುರಿದರೆ ಹಾಲು ಸುರಿಸುವ ಮರ ತಾನೇ, ಹಸುವೂ ಹಾಗೇ ಸುರಿಸಲಿ ಅಂತ. ಹುಲ್ಲು ಸುತ್ತಿ ಕಟ್ಟುತ್ತಿದ್ದ ಗಂಟು ಈಗ ಯೂರಿಯಾ ಚೀಲದಲ್ಲಿ ತೂಗುತ್ತದೆ. ಮರ ದೂರ, ಮಂಡಿ ನೋಯುತ್ತದೆ. ಮೊಮ್ಮಗನ ಬೈಕೇ ಗತಿ.

“ತಾತಾ, ಚೀಲ ಸೋರ್ತಾ ಅದ, ಹೊಸಾ ಗಾಡಿ ಕಣಾ!”

“ಸೋರ್ಲಿ ಬುಡ್ಲಾ. ಈ ಹಾಲ ಡೇರಿನೋರು ತಕ್ಕಳಲ್ಲ, ಸಂಜೆಗೆ ಗಿಣ್ಣು ಬತ್ತದ, ನಿಂಗೂ ಒಂದು ತುಂಡು. ಮೆತ್ತಗೆ ಓಡ್ಸು, ಆ ಮೂಲೆಮನೆಯೋರ ಹಸಾನೂ ಇವತ್ತೋ ನಾಳೆಯೋ ಅಂತಾ ಅದ, ಕೇಳ್ಕಂಡು ಹೋಗವ.”