ಪಿಟ್ಯುಟರಿ: ಮಾಲೀಕರ ಕೈಪಿಡಿ

ಮಾನ್ಯ ಮಾಲೀಕರೇ, ಈ ಸಾಮಾನು ನೀವು ಹುಟ್ಟುವ ಮೊದಲೇ ಫಿಟ್ ಆಗಿ ಬಂದಿದೆ. ಬಟಾಣಿ ಗಾತ್ರ, ಅರ್ಧ ಗ್ರಾಂ ಆಸುಪಾಸಿನ ತೂಕ. ಮೂಗಿನ ಹಿಂದೆ, ಬುರುಡೆಯ ತಳದಲ್ಲಿ, ಕುದುರೆ ಜೀನಿನಂಥ ಗುಳಿಯಲ್ಲಿ ಕೂತಿದೆ. ಬಿಚ್ಚಿ ನೋಡಬೇಡಿ.

ಚಾಲೂ ಮಾಡಲು ನೀವೇನೂ ಒತ್ತಬೇಕಿಲ್ಲ. ರಾತ್ರಿ ಹತ್ತಕ್ಕೆ ಬಾಸ್ 'ಬೆಳಿಗ್ಗೆ ಸ್ವಲ್ಪ ಮಾತಾಡ್ಬೇಕಿತ್ತು' ಅಂತ ಮೆಸೇಜ್ ಹಾಕಿದರೆ ಸಾಕು. ಮೇಲಿನ ಮಹಡಿಯ ಹೈಪೊಥಾಲಮಸ್ ಸಿಆರ್‌ಎಚ್ ಎಂಬ ಚೀಟಿಯನ್ನು ಖಾಸಗಿ ರಕ್ತನಾಳದಲ್ಲಿ ಕೆಳಗಿಳಿಸುತ್ತದೆ. 41 ಅಮೈನೊ ಆಮ್ಲಗಳ ಈ ಚೀಟಿಯನ್ನು ವಿಜ್ಞಾನಿ ವೈಲಿ ವೇಲ್ ಮತ್ತು ಸಂಗಡಿಗರು 1981ರಲ್ಲಿ ಓದಿದ್ದು ಕುರಿಯ ಮಿದುಳಿನಿಂದ. ಕುರಿಗೂ ಟೆನ್ಷನ್ ತಪ್ಪಿದ್ದಲ್ಲ! ಚೀಟಿ ಬಂದದ್ದೇ ಪಿಟ್ಯುಟರಿಯ ಕಾರ್ಟಿಕೊಟ್ರೋಫ್ ಕೋಶಗಳು ಎಸಿಟಿಎಚ್ ಎಂಬ ಹಾರ್ಮೋನು ಸುರಿಸುತ್ತವೆ. ಅದು ತಲುಪಿದ್ದೇ, ಮೂತ್ರಪಿಂಡದ ಮೇಲೆ ಟೊಪ್ಪಿಗೆಯಂತೆ ಕೂತ ಅಡ್ರಿನಲ್ ಗ್ರಂಥಿ ಕಾರ್ಟಿಸಾಲ್ ಹರಿಸುತ್ತದೆ. ನಿದ್ದೆ ಹಾರುತ್ತದೆ.

ಆಫ್ ಸ್ವಿಚ್ ಎಲ್ಲಿ ಅಂತ ಹುಡುಕಬೇಡಿ. ಆ ಕಾರ್ಟಿಸಾಲೇ ಸ್ವಿಚ್ಚು. ಸಿಆರ್‌ಎಚ್ ಪರವೂರಿನವನ ಹಾಗೆ ಕೋಶದ ಬಾಗಿಲು ತಟ್ಟಿ ಹೊರಗೇ ನಿಲ್ಲುತ್ತದೆ. ಕಾರ್ಟಿಸಾಲ್ ಮನೆ ಅಳಿಯ, ಕೊಬ್ಬಿನ ಗೋಡೆಯನ್ನೇ ನುಸುಳಿ ನೇರ ಒಳಮನೆಗೆ. ಅಲ್ಲಿ ಅದಕ್ಕೊಬ್ಬ ಗ್ರಾಹಕ ಕಾದಿರುತ್ತಾನೆ. ಬಿಲ್ ಕೇಳುವ ಗ್ರಾಹಕನಲ್ಲ, ವಿಜ್ಞಾನದ ಪಠ್ಯಪುಸ್ತಕದ ಗ್ರಾಹಕ, ಅಂದರೆ ರಿಸೆಪ್ಟರ್. ಇಬ್ಬರೂ ಕೈಹಿಡಿದು ಕೋಶಕೇಂದ್ರ ಹೊಕ್ಕು, ಎಸಿಟಿಎಚ್‌ನ ತಾಯಿ ಪ್ರೋಟೀನು ತಯಾರಾಗುವ ಜೀನನ್ನೇ ತಡೆಯುತ್ತಾರೆ. ಆದರೆ ಅದಕ್ಕೆ ಗಂಟೆಗಳು ಬೇಕು. ಅಷ್ಟರೊಳಗೆ, ನಿಮಿಷಗಳಲ್ಲೇ, ತಯಾರಿದ್ದ ಎಸಿಟಿಎಚ್ ಹೊರಬೀಳುವುದೂ ಕಡಿಮೆಯಾಗುತ್ತದೆ. ಮೊದಲು ನಲ್ಲಿ ತಿರುವಿ, ಆಮೇಲೆ ಬಾವಿಗೇ ಮುಚ್ಚಳ ಹಾಕಿದಂತೆ. ಕಂಪನಿಯವರು ಇಷ್ಟು ಜಾಣತನ ಫ್ಯಾನಿನ ರೆಗ್ಯುಲೇಟರಿಗೆ ಯಾಕೆ ತೋರಿಸುವುದಿಲ್ಲವೋ.

ಕಾರ್ಟಿಸಾಲಿನ ಈ ಬ್ರೇಕು ಹಿಡಿಯುತ್ತಿದೆಯೇ ಎಂದು ವೈದ್ಯರು ನೋಡುವ ಕ್ರಮ: ರಾತ್ರಿ 11ಕ್ಕೆ 1 ಮಿಲಿಗ್ರಾಂ ಡೆಕ್ಸಾಮೆಥಸೋನ್ ಮಾತ್ರೆ, ಬೆಳಿಗ್ಗೆ 8ಕ್ಕೆ ರಕ್ತ. ಕಾರ್ಟಿಸಾಲ್ ವೇಷದ ಈ ನಕಲಿ ಅಳಿಯನನ್ನು ಮಿದುಳಿನ ಕಾವಲು ಸುಲಭಕ್ಕೆ ಒಳಬಿಡದು. ಅವನ ಆಟವೆಲ್ಲ ಹೆಚ್ಚಾಗಿ ಪಿಟ್ಯುಟರಿಯಲ್ಲೇ. ಬ್ರೇಕು ಸರಿಯಿದ್ದರೆ ಕಾರ್ಟಿಸಾಲ್ ಡೆಸಿಲೀಟರಿಗೆ 1.8 ಮೈಕ್ರೋಗ್ರಾಂಗಿಂತ ಕೆಳಗಿಳಿಯುತ್ತದೆ. ಇಳಿಯದಿದ್ದರೆ ಕಾರ್ಟಿಸಾಲ್ ಅತಿಯಾಗುವ ಕುಶಿಂಗ್ ಸಿಂಡ್ರೋಮಿನ ಗುಮಾನಿ, ಇನ್ನಷ್ಟು ಪರೀಕ್ಷೆ.

ಎಚ್ಚರಿಕೆ: ತಿಂಗಳುಗಟ್ಟಲೆ ಕಾರ್ಟಿಸಾಲ್ ಥರದ ಸ್ಟೀರಾಯ್ಡ್ ಮಾತ್ರೆ ನುಂಗಿ, ಒಂದು ದಿನ 'ಆರಾಮಾಯ್ತು' ಅಂತ ಡಬ್ಬಿ ಎಸೆಯಬೇಡಿ. ಹೊರಗಿನ ಸರಬರಾಜು ನಂಬಿ ಕೋಶಗಳು ಅಂಗಡಿ ಮುಚ್ಚಿ ಮಲಗಿರುತ್ತವೆ. ಎಬ್ಬಿಸಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ಡೋಸು ಇಳಿಸುವ ಕೆಲಸ ವೈದ್ಯರದ್ದು.

ರಿಪೇರಿ: ಗಡ್ಡೆ ಬೆಳೆದರೆ ಶಸ್ತ್ರಚಿಕಿತ್ಸಕರು ಸಾಮಾನ್ಯವಾಗಿ ಮೂಗಿನ ದಾರಿಯಲ್ಲೇ ಬರುತ್ತಾರೆ. ಬಿಚ್ಚಿ ನೋಡಲು ಅವರಿಗೆ ಪರವಾನಗಿ ಉಂಟು.