ಕಲ್ಲು ಸಿಕ್ಕಿದ್ದು

ಮುಳಬಾಗಿಲು ದೋಸೆ ತಿಂದು ಹಲ್ಲು ಮುರಿದುಕೊಂಡವನು ಬಹುಶಃ ನಾನೊಬ್ಬನೇ. ಹೊರಗೆ ತುಪ್ಪದ ಗರಿ, ಒಳಗೆ ಹತ್ತಿಯಷ್ಟು ಮೆತ್ತಗೆ. ಬೊಚ್ಚುಬಾಯಿ ಅಜ್ಜಿಯೂ ನಾಲ್ಕು ಮುಗಿಸುವಂಥದ್ದು. ಎರಡನೇ ತುತ್ತಿಗೆ ಕಟಕ್ ಎಂದಿತು. ಬಾಯಿಂದ ತೆಗೆದು ತಟ್ಟೆಯಂಚಿಗಿಟ್ಟು ಹೋಟೆಲೆಲ್ಲ ಕೇಳುವಂತೆ ಕೂಗಿದೆ: "ಏನ್ರೀ ಇದು, ಪಲ್ಯದಲ್ಲಿ ಕಲ್ಲು!" ಗಲ್ಲಾದಲ್ಲಿದ್ದ ಯಜಮಾನರು ಎದ್ದು ಬಂದರು. ಕನ್ನಡಕ ಏರಿಸಿ ನೋಡಿ, ದನಿ ತಗ್ಗಿಸಿ, "ಸ್ವಾಮಿ, ಇದು ನಿಮ್ದು" ಎಂದರು.

ದೋಸೆಯ ತಪ್ಪಲ್ಲ. ಆ ಹುಳುಕು ಹಲ್ಲನ್ನು ಎರಡು ವರ್ಷ ಲವಂಗದೆಣ್ಣೆ ಹಾಕಿ ಸಾಕಿದವನು ನಾನು.

ಕೋಲಾರದ ದಂತವೈದ್ಯರು ಉಳಿದ ಬೇರನ್ನು ಕಿತ್ತು, ಇಂಪ್ಲಾಂಟ್ ಹಾಕಿಸಿ ಎಂದರು. ದವಡೆಯ ಮೂಳೆಗೇ ಟೈಟಾನಿಯಂ ತಿರುಪು ಕೂರಿಸುವುದು. ಬ್ರಿಡ್ಜ್ ಆದರೆ ಅಕ್ಕಪಕ್ಕದ ಗಟ್ಟಿ ಹಲ್ಲುಗಳನ್ನೂ ಅರೆಯಬೇಕು, ಇದಕ್ಕೆ ಬೇಡ. ಖಾಲಿ ಬಿಟ್ಟರೆ ಮೂಳೆ ಕರಗುತ್ತದೆ, ಇದು ತಡೆಯುತ್ತದೆ. ಎಲ್ಲ ಕೇಳಿಸಿಕೊಂಡು ನಾನು ಕೇಳಿದ್ದು ಒಂದೇ ಮಾತು: "ಅಗ್ಗದ್ದು ಯಾವುದು?" ಹಾಕಿ ತೆಗೆಯುವ ಹಲ್ಲಿನೊಂದಿಗೆ ಮನೆಗೆ ಬಂದೆ.

ಮೇ ತಿಂಗಳಲ್ಲಿ ಶ್ರೀನಿವಾಸಪುರದ ಭಾವನವರ ಮಾವಿನ ತೋಪಿಗೆ ಹೋದೆವು. ಉಪ್ಪು ಖಾರ ಹಚ್ಚಿದ ತೋತಾಪುರಿ ಹೋಳನ್ನು ಕಚ್ಚಿದೆ, ಹುಳಿ ನೆತ್ತಿಗೇರಿತು, ಉಳಿದದ್ದನ್ನು ಎಮ್ಮೆಗೆ ಎಸೆದೆ. ಎಮ್ಮೆ ಎರಡು ಸಲ ಅಗಿದು ಏನನ್ನೋ ಉಗಿಯಿತು. ಗುಲಾಬಿ ಬಣ್ಣದ ಪ್ಲೇಟು, ತಂತಿ, ಅದರ ತುದಿಗೆ ನನ್ನ ಹಲ್ಲು. ಕಲ್ಲು ಯಾವುದು, ಹಲ್ಲು ಯಾವುದು ಎಂಬ ತಿಳಿವಳಿಕೆ ಅದಕ್ಕೆ ನನಗಿಂತ ಚೆನ್ನಾಗಿತ್ತು. ಭಾವ ನಗಲಿಲ್ಲ, ತೊಳೆದು ತಂದು ಬಾಳೆಲೆಯ ಮೇಲಿಟ್ಟು ಕೊಟ್ಟರು. ಅದಕ್ಕಿಂತ ನಕ್ಕಿದ್ದರೆ ಚೆನ್ನಾಗಿತ್ತು.

ಮತ್ತೆ ದಂತವೈದ್ಯರ ಅದೇ ಕುರ್ಚಿ, ಈ ಸಲ ಇಂಪ್ಲಾಂಟಿಗೇ. ಅಷ್ಟರಲ್ಲಿ ಮೂಳೆ ತೆಳುವಾಗಿದ್ದರಿಂದ ಮೂಳೆಪುಡಿ ತುಂಬುವ ಖರ್ಚೂ ಸೇರಿತು. ಇಂಪ್ಲಾಂಟಿಗೆ ಮೂಲ ಒಂದು ಮೊಲವಂತೆ. 1952ರಲ್ಲಿ ಸ್ವೀಡನ್ನಿನ ಬ್ರಾನೆಮಾರ್ಕ್ ಎಂಬ ಸಂಶೋಧಕರು ರಕ್ತ ಹರಿಯುವುದನ್ನು ನೋಡಲೆಂದು ಮೊಲದ ಕಾಲಿನ ಮೂಳೆಗೆ ಟೈಟಾನಿಯಂ ತುಣುಕು ಇಟ್ಟರು. ಆಮೇಲೆ ತೆಗೆಯಹೋದರೆ ಮೂಳೆ ಬಿಟ್ಟುಕೊಡಲಿಲ್ಲ. ಮನುಷ್ಯನ ಬಾಯಿಗೆ ಅದು ಬಂದದ್ದು 1965ರಲ್ಲಿ. ಆ ಮೊಲದ ಹಾಗೆ ನನ್ನ ಮೂಳೆಯೂ ಹಿಡಿದುಕೊಳ್ಳಲೆಂದು ಕೆಲವು ತಿಂಗಳು ಕಾದೆ.

ಕೊನೆಗೆ ಬಣ್ಣದ ಪ್ರಶ್ನೆ. ನಾನು ಬೆಳೆದದ್ದು ಮಾಲೂರು ಕಡೆಯ ಬೋರ್‌ವೆಲ್ ನೀರಿನಲ್ಲಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಫ್ಲೋರೈಡ್ ಹೆಚ್ಚಾಯಿತೆಂದು ಲೆಕ್ಕ. ನಮ್ಮೂರಲ್ಲಿ ಲೆಕ್ಕ ಬೇಡ, ನಕ್ಕರೆ ಸಾಕು. ಡಾಕ್ಟರು ನನ್ನ ಕಂದು ಹಲ್ಲುಗಳಿಗೆ ಹೊಂದುವ ಬಣ್ಣ ತೋರಿಸಿದರು. ಇಷ್ಟು ದುಡ್ಡು ಕೊಟ್ಟು ಕಂದು ಹಲ್ಲು ಯಾಕೆ ಎಂದು ಅಚ್ಚ ಬಿಳಿಯದನ್ನೇ ಹಟ ಹಿಡಿದು ಹಾಕಿಸಿಕೊಂಡೆ. ಊರಿಗೆ ಹೋದಾಗ ತಂಗಿ ನೋಡಿದಳು: "ಅಣ್ಣಾ, ಹೆಂಚಿನ ಮನೆಗೆ ಗಾಜಿನ ಹೆಂಚು ಇಟ್ಟಂಗಿದೆ. ಒಳಗೆ ಬೆಳಕು ಬರ್ತದಾ?"

ಹಲ್ಲೇನೋ ಬಂಡೆ. ಆ ಧೈರ್ಯದಲ್ಲಿ ಮುಳಬಾಗಿಲಿನ ಅದೇ ಹೋಟೆಲಿಗೆ ಹೋಗಿ ಕೂತೆ. ಎರಡನೇ ತುತ್ತಿಗೆ ಕಟಕ್. ನಾಲಿಗೆಯಲ್ಲಿ ಒಂದೊಂದೇ ಹಲ್ಲು ಎಣಿಸಿದೆ; ಎಲ್ಲ ಹಾಜರು. ಈ ಸಲದ್ದು ನಿಜವಾದ ಕಲ್ಲು! ತಲೆಯೆತ್ತಿದರೆ ಗಲ್ಲಾದಿಂದ ಯಜಮಾನರು ನನ್ನನ್ನೇ ನೋಡುತ್ತಿದ್ದರು. ಕಲ್ಲನ್ನು ಸದ್ದಿಲ್ಲದೆ ಕರ್ಚೀಫಿಗೆ ಸುತ್ತಿಕೊಂಡು, ಇನ್ನೊಂದು ದೋಸೆ ಹೇಳಿದೆ.