ಸೆಕ್ಸ್ ಪಿಸ್ಟಲ್ಸ್ ಬಳಗಕ್ಕೆ ಬಂಗಾರಪೇಟೆಯಿಂದ ಒಂದು ಬಹಿರಂಗ ಪತ್ರ

ಪಾಲ್ ಕುಕ್, ಸ್ಟೀವ್ ಜೋನ್ಸ್, ಗ್ಲೆನ್ ಮ್ಯಾಟ್‌ಲಾಕ್ ಮತ್ತು ಹೊಸದಾಗಿ ಸೇರಿಕೊಂಡ ಫ್ರಾಂಕ್ ಕಾರ್ಟರ್ ಅವರಿಗೆ,



ನಿಮ್ಮ ಊರಿಗೂ ನಮ್ಮ ಊರಿಗೂ ಹಳೆಯ ನಂಟಿದೆ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೋಲಾರದ ಚಿನ್ನದ ಗಣಿಗೆ ಕೈಹಾಕಿತು. ಉತ್ತರ ಆರ್ಕಾಟಿನಿಂದ, ಚಿತ್ತೂರು ಸೀಮೆಯಿಂದ, ಸುತ್ತಲ ಹಳ್ಳಿಗಳಿಂದ ಬಂದ ಬಡವರು ಸುರಂಗಕ್ಕಿಳಿದರು. ಅವರಲ್ಲಿ ಬಹುಪಾಲು ದಲಿತರು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಮೀರಿದ ಆಳಕ್ಕೆ ಹೋಯಿತು. ಲಾಭ ಹಡಗು ಹತ್ತಿತು. ಆ ಬಾಕಿ ಕೇಳಲು ನಾನು ಈ ಪತ್ರ ಬರೆಯುತ್ತಿಲ್ಲ. ನಿಮ್ಮಲ್ಲಿ ಕುಕ್, ಜೋನ್ಸ್ ಇಬ್ಬರೂ ಬೆಳೆದದ್ದು ಷೆಫರ್ಡ್ಸ್ ಬುಷ್‌ನ ದುಡಿಯುವವರ ನಡುವೆ. ಆ ಲಾಭದಲ್ಲಿ ನಿಮ್ಮ ಮನೆಗಳಿಗೂ ಪಾಲು ಬಂದಿರಲಾರದು.

ಬರೆಯುತ್ತಿರುವುದು ನಿಮ್ಮ ಪಂಕ್ ಬ್ಯಾಂಡ್ ಮತ್ತೆ ಒಂದಾದ ಬಗ್ಗೆ. 2024ರ ಆಗಸ್ಟ್‌ನಲ್ಲಿ, ಮೊದಲಿನ ಹಾಡುಗಾರ ಜಾನಿ ರಾಟನ್ ಇಲ್ಲದೆ, ಅವರ ಜಾಗದಲ್ಲಿ ಕಾರ್ಟರ್ ಅವರನ್ನು ನಿಲ್ಲಿಸಿಕೊಂಡು ನೀವು ನುಡಿಸಿದಿರಿ. ಇದು ಪಿಸ್ಟಲ್ಸೇ ಅಲ್ಲ ಎಂದು ಮುನಿದವರಿದ್ದಾರೆ. ಆ ಮುನಿಸನ್ನು ನಾನು ಒಪ್ಪುವುದಿಲ್ಲ. ನಿಮ್ಮ ತಂಡ ಯಾವಾಗ ಬದಲಾಗದೆ ಉಳಿದಿತ್ತು? 1975ರಲ್ಲಿ ಶುರುವಾದ ತಂಡದಿಂದ 1977ರ ಆರಂಭದಲ್ಲೇ ಮ್ಯಾಟ್‌ಲಾಕ್ ಹೊರನಡೆದರು, ಬಾಸ್ ಗಿಟಾರ್ ಸರಿಯಾಗಿ ಬಾರದ ಸಿಡ್ ವಿಶಿಯಸ್ ಬಂದರು. ಅದೇ ವರ್ಷ ಬ್ರಿಟನ್ನಿನ ರಾಣಿಯ ಆಳ್ವಿಕೆಯ ರಜತೋತ್ಸವದ ಹೊತ್ತಿಗೆ ನೀವು ಹಾಡಿದ ಹಾಡನ್ನು ಬಿಬಿಸಿ ನಿಷೇಧಿಸಿತು. 1978ರ ಜನವರಿಯಲ್ಲಿ ತಂಡವೇ ಒಡೆಯಿತು. 1996ರಲ್ಲಿ ದುಡ್ಡಿಗಾಗಿಯೇ ಬಂದಿದ್ದೇವೆ ಎಂದು ಸಾರಿಕೊಂಡು ಮರಳಿದಿರಿ. 2021ರಲ್ಲಿ ಹಾಡುಗಳ ಬಳಕೆಯ ವಿಚಾರದಲ್ಲಿ ರಾಟನ್ ಒಂದು ಕಡೆ, ಕುಕ್ ಮತ್ತು ಜೋನ್ಸ್ ಇನ್ನೊಂದು ಕಡೆ ನಿಂತು ಕೋರ್ಟಿನಲ್ಲಿ ಎದುರಾದಿರಿ.

ಇಷ್ಟೆಲ್ಲದರ ನಡುವೆ ನನಗೆ ನಿಮ್ಮ ಮೇಲೆ ಪ್ರೀತಿ ಹುಟ್ಟಿಸಿದ್ದು 1977ರ ಕ್ರಿಸ್‌ಮಸ್ ದಿನ. ಬ್ರಿಟನ್ನಿನ ಅಗ್ನಿಶಾಮಕ ಸಿಬ್ಬಂದಿ ಮುಷ್ಕರ ಹೂಡಿದ್ದ ಕಾಲ ಅದು. ಹಡರ್ಸ್‌ಫೀಲ್ಡ್ ಎಂಬ ಊರಿನಲ್ಲಿ ಆ ಮುಷ್ಕರ ನಿರತರ ಮಕ್ಕಳಿಗಾಗಿ ನೀವು ಮಧ್ಯಾಹ್ನ ಹಾಡಿದಿರಿ, ಕೇಕ್ ಹಂಚಿದಿರಿ, ಮಕ್ಕಳು ಆ ಕೇಕನ್ನು ನಿಮ್ಮ ಮುಖಕ್ಕೇ ಮೆತ್ತಿದರು. ದೇಶವೆಲ್ಲ ನಿಮ್ಮನ್ನು ಪುಂಡರೆಂದು ಬೈಯುತ್ತಿದ್ದಾಗ ಸಂಬಳವಿಲ್ಲದ ಮನೆಗಳ ಮಕ್ಕಳು ನಿಮ್ಮ ಜೊತೆ ಕುಣಿಯುತ್ತಿದ್ದರು. ಮುಷ್ಕರವೆಂದರೆ ಏನೆಂದು ಆ ಚಿನ್ನದ ಗಣಿಗಳ ಊರಾದ ನಮ್ಮ ಕೆಜಿಎಫ್‌ಗೂ ಗೊತ್ತು. 1930ರಲ್ಲಿ ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಿ ಎಂದಾಗ ಇಲ್ಲಿನ ಗಣಿ ಕಾರ್ಮಿಕರು ನಾವೇನು ಕಳ್ಳರೇ ಎಂದು ಸಿಡಿದು ಕೆಲಸ ನಿಲ್ಲಿಸಿದ್ದರು. ಅವರ ಕೈಯಲ್ಲಿ ಗಿಟಾರ್ ಇರಲಿಲ್ಲ, ಅಷ್ಟೇ.

ಇದ್ದದ್ದು ತಮಟೆ. ಅದರ ಕಥೆಯನ್ನು ನೀವು ಕೇಳಲೇಬೇಕು. ಬಳೆಯಾಕಾರದ ಚೌಕಟ್ಟಿಗೆ ಚರ್ಮ ಬಿಗಿದು, ಹುಲ್ಲಿನ ಬೆಂಕಿಗೆ ಹಿಡಿದು ಕಾಯಿಸಿ, ಎರಡು ಕಡ್ಡಿಗಳಿಂದ ಬಡಿಯುವ ವಾದ್ಯ. ಸಾವಿಗೆ, ಜಾತ್ರೆಗೆ, ಊರಿಗೆ ಸಾರಲು ಅದನ್ನು ಬಾರಿಸುವುದು ದಲಿತರ ಮೇಲೆ ಹೇರಿದ ಬಿಟ್ಟಿ ಚಾಕರಿಯಾಗಿತ್ತು. ಈ ಅವಮಾನ ಬೇಡವೆಂದು ತಮಟೆಯನ್ನು ಕೆಳಗಿಟ್ಟವರಿದ್ದಾರೆ; ಅವರ ನಿರ್ಧಾರಕ್ಕೆ ನಾನು ತಲೆಬಾಗುತ್ತೇನೆ. ಎಪ್ಪತ್ತರ ದಶಕದಲ್ಲಿ, ಅತ್ತ ನೀವು ಹುಟ್ಟಿಕೊಂಡ ಹೊತ್ತಿನಲ್ಲೇ, ಇತ್ತ ದಲಿತ ಸಂಘರ್ಷ ಸಮಿತಿ ಹುಟ್ಟಿತು. ಕೋಲಾರ ಅದರ ಗಟ್ಟಿ ನೆಲೆ. ಕೋಟಿಗಾನಹಳ್ಳಿ ರಾಮಯ್ಯ ಹಾಡು ಕಟ್ಟಿದರು, ಪಿಚ್ಚಳ್ಳಿ ಶ್ರೀನಿವಾಸ್ ದನಿ ಕೊಟ್ಟರು, ತಮಟೆ ಮೆರವಣಿಗೆಯ ಮುಂದಕ್ಕೆ ಬಂತು. ಗೌಡರ ಅಪ್ಪಣೆಗೆ ಬಡಿಯುತ್ತಿದ್ದ ಅದೇ ಚರ್ಮ ಗೌಡರ ಬೀದಿಯಲ್ಲೇ ಹಕ್ಕಿಗಾಗಿ ಮೊಳಗಿತು. ಹಿಂದೆ ಕೋಲಾರ ಜಿಲ್ಲೆಗೇ ಸೇರಿದ್ದ ಚಿಕ್ಕಬಳ್ಳಾಪುರ ಸೀಮೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು.

ತಮಟೆ ತಂಡದಲ್ಲಿ ಮೂಲ ಸದಸ್ಯರು ಯಾರೆಂದು ಯಾರೂ ಕೇಳುವುದಿಲ್ಲ. ಅಪ್ಪ ಹೋದರೆ ಮಗ, ಮಗ ಊರು ಬಿಟ್ಟರೆ ಪಕ್ಕದ ಮನೆಯ ಹುಡುಗ, ಈಗ ಹುಡುಗಿಯರೂ ಬಂದಿದ್ದಾರೆ. ಯಾತಕ್ಕೆ ಬಡಿಯುತ್ತಿದ್ದೀರಿ, ಯಾರ ಪರವಾಗಿ ಬಡಿಯುತ್ತಿದ್ದೀರಿ ಎಂದಷ್ಟೇ ಕೇಳುತ್ತಾರೆ. ಕಾರ್ಟರ್ ಅವರೇ, ನಿಮಗೂ ನನ್ನ ಪ್ರಶ್ನೆ ಅದೊಂದೇ. ಅದಕ್ಕೆ ಒಳ್ಳೆಯ ಉತ್ತರವನ್ನೇ ನೀವು ಕೊಟ್ಟಿದ್ದೀರಿ. ನಿಮ್ಮ ಮೊದಲ ಕಛೇರಿಗಳು ನಡೆದದ್ದು ಷೆಫರ್ಡ್ಸ್ ಬುಷ್‌ನ ಬುಷ್ ಹಾಲ್ ಎಂಬ ಸಭಾಂಗಣ ಮುಚ್ಚಿಹೋಗದಂತೆ ಹಣ ಕೂಡಿಸಲು. ತಮ್ಮ ಕೇರಿಯ ಒಂದು ಸೂರು ಉಳಿಸಲು ಹಳಬರು ಹೊಸಬನೊಬ್ಬನ ಹೆಗಲು ಹಿಡಿದು ನಿಲ್ಲುವುದಕ್ಕಿಂತ ಒಳ್ಳೆಯ ಕಾರಣ ಒಂದು ಬ್ಯಾಂಡಿಗೆ ಬೇಕೇ?

ಅದೇ ವಾರ, 2024ರ ಆಗಸ್ಟ್ 15ರಂದು, ತಮಿಳು ನಿರ್ದೇಶಕ ಪಾ. ರಂಜಿತ್ ಅವರ ‘ತಂಗಲಾನ್’ ಸಿನಿಮಾ ತೆರೆಗೆ ಬಂತು. ಬ್ರಿಟಿಷರ ಕಾಲದಲ್ಲಿ ಈ ಚಿನ್ನ ಅಗೆದ ದಲಿತರ ಕಥೆ ಅದು. ಚೆನ್ನೈನ ‘ಕ್ಯಾಸ್ಟ್‌ಲೆಸ್ ಕಲೆಕ್ಟಿವ್’ ಬ್ಯಾಂಡನ್ನು ಹುಟ್ಟುಹಾಕಿದವರಲ್ಲಿ ರಂಜಿತ್ ಕೂಡ ಒಬ್ಬರು. ಗಾನಾ ಪಾಟು, ರ‍್ಯಾಪ್, ರಾಕ್ ಎಲ್ಲವನ್ನೂ ಬೆರೆಸಿ ಜಾತಿಗೆ ಎದುರಾಗಿ ಹಾಡುವ ಬ್ಯಾಂಡ್. ಪಂಕ್ ಎಂಬ ಹೆಸರಿಲ್ಲದಿದ್ದರೂ ಪಂಕ್ ಎಂದು ನಾನು ನಂಬುವುದು ಅದನ್ನು.

ನಮ್ಮ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಅಂದಿನಿಂದ ಕೆಜಿಎಫ್ ಬೆಳಗಿನ ರೈಲಿನಲ್ಲಿ ಬದುಕುತ್ತಿದೆ. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂನಲ್ಲಿ ಹತ್ತಿದ ಹುಡುಗ ಹುಡುಗಿಯರು ಬಂಗಾರಪೇಟೆ ದಾಟಿ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುತ್ತಾರೆ. ತಮಿಳು, ತೆಲುಗು, ಕನ್ನಡ, ಇಂಗ್ಲಿಷ್ ಒಂದೇ ಮಾತಿನಲ್ಲಿ ಬೆರೆಸುವ ಈ ಮಕ್ಕಳಲ್ಲಿ ಬ್ಯಾಂಡ್ ಕಟ್ಟುವ ಕಸುವು ಧಾರಾಳವಾಗಿದೆ. ಭಾನುವಾರ ಸೇರಿ ಅಭ್ಯಾಸ ಮಾಡಲು ಅವರಿಗೊಂದು ಸೂರು ಬೇಕು. ಬುಷ್ ಹಾಲ್‌ಗಾಗಿ ನಿಂತ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದ್ದರಿಂದ ಬನ್ನಿ. ಬೆಂಗಳೂರಿನಿಂದ ರೈಲು ಹತ್ತಿ ಬಂಗಾರಪೇಟೆಯಲ್ಲಿ ಇಳಿಯಿರಿ. ಇಲ್ಲಿನ ತಿಳಿನೀರಿನ ಪಾನಿಪುರಿ ತಿನ್ನದೆ ಮುಂದೆ ಹೋಗಬೇಡಿ. ಒಂದು ರಾತ್ರಿ ಕೋಲಾರದ ತೇರಹಳ್ಳಿ ಬೆಟ್ಟದ ಮೇಲಿನ ಆದಿಮ ಸಾಂಸ್ಕೃತಿಕ ಕೇಂದ್ರದಲ್ಲಿ ಹುಣ್ಣಿಮೆ ಹಾಡು ಕೇಳಿ, ಮರುದಿನ ಕೆಜಿಎಫ್‌ನಲ್ಲಿ ಹಾಡಿ. ಟಿಕೆಟ್ಟಿನ ಹಣ ಆ ಸೂರಿಗೆ ಹೋಗಲಿ. ತಮಟೆಯವರನ್ನು ನಿಮ್ಮ ಸ್ವಾಗತಕ್ಕೆ ಗೇಟಿನ ಬಳಿ ನಿಲ್ಲಿಸಬೇಡಿ. ವೇದಿಕೆಯ ಮೇಲೆ, ಕುಕ್ ಅವರ ಡ್ರಮ್ಸ್ ಪಕ್ಕದಲ್ಲಿ ಅವರಿಗೆ ಜಾಗವಿರಲಿ. ಪೋಸ್ಟರಿನಲ್ಲಿ ಅವರ ಹೆಸರೂ ನಿಮ್ಮಷ್ಟೇ ದಪ್ಪಕ್ಷರದಲ್ಲಿರಲಿ. ಆ ದಿನ ನಿಮಗೆ ಸಂಭಾವನೆ ಇದ್ದರೆ, ಅವರಿಗೂ ಅಷ್ಟೇ ಇರಲಿ.

ಇಂತಿ,
ಬಂಗಾರಪೇಟೆಯ ಒಬ್ಬ ಕೇಳುಗ